ಗೌಹರ್ ಜಾನರ ಗಾನಮುದ್ರಿಕೆಗಳು

ಹಿಂದೂಸ್ತಾನಿ ಸಂಗೀತದ ಬಹು ಹಳೆಯ ಗ್ರಾಮಫೋನ್ ಪ್ಲೇಟುಗಳನ್ನು ಕೇಳಿರುವವರಿಗೆ ಒಂದು ವಿಚಿತ್ರವಾದ ಮಾತು ಪರಿಚಿತವಾಗಿರುತ್ತದೆ. ಹಾಡು ಮುಗಿಯುತ್ತದೆ. ಸಾಥಿಯ ವಾದ್ಯಗಳ ನಾದವು ಇನ್ನೂ ಪೂರ್ತಿಯಾಗಿ ಅಡಗಿರುವುದಿಲ್ಲ. ಅಷ್ಟರಲ್ಲಿಯೇ ಗಾಯಕಿಯ ಕಂಠವು ಏರಿ, ನಗುವಿನಂತೆಯೂ ಸವಾಲಿನಂತೆಯೂ ಕೇಳುವ ಧಾಟಿಯಲ್ಲಿ, ‘ಮೈ ನೇಮ್ ಈಸ್ ಗೌಹರ್ ಜಾನ್’ ಎಂದು ಕೂಗಿ ಹೇಳುತ್ತದೆ. ರಾಗಭಾವದಲ್ಲಿ ಮುಳುಗಿದ್ದ ಕೇಳುಗನು ಬೆಚ್ಚಿಬೀಳುತ್ತಾನೆ, ಕೆಲವರು ನಗುತ್ತಾರೆ. ಆ ಮಾತು ಅಲ್ಲಿಗೆ ಹೇಗೆ ಬಂದಿತು, ಅದಕ್ಕೆ ಮುಂಚಿನ ಮೂರು ನಿಮಿಷದ ಗಾನವು ಮೇಣದ ಮೇಲೆ ಹೇಗೆ ಇಳಿಯಿತು, ಇಳಿಯುವಾಗ ಅದಕ್ಕೆ ಏನು ಲಾಭವಾಯಿತು, ಏನು ನಷ್ಟವಾಯಿತು ಎಂಬುದೇ ಈ ಭಾಷಣದ ವಿಷಯ. ಗೌಹರ್ ಜಾನರು ಹುಟ್ಟಿದ್ದು ಉತ್ತರದಲ್ಲಿ, ಹೆಸರು ಗಳಿಸಿದ್ದು ಕಲ್ಕತ್ತೆಯಲ್ಲಿ. ಆದರೆ ಕೊನೆಯುಸಿರೆಳೆದುದು ನಮ್ಮ ಮೈಸೂರಿನಲ್ಲಿ. ಆದುದರಿಂದ ಇದನ್ನು ಪರಸ್ಥಳದ ವೃತ್ತಾಂತವೆಂದು ನಾವು ದೂರ ಇಡುವಂತಿಲ್ಲ.

ಮೊದಲು ಆಕೆಯ ವಿಷಯವಾಗಿ ನಾಲ್ಕು ಮಾತು. 1873ನೆಯ ಇಸವಿ ಜೂನ್ 26ರಂದು ಆಜಂಗಢದಲ್ಲಿ ಹುಟ್ಟಿದಾಗ ಆಕೆಗೆ ಇಟ್ಟ ಹೆಸರು ಏಂಜೆಲಿನಾ ಯೋವರ್ಡ್. ತಂದೆ ಇಂಜಿನಿಯರ್, ತಾಯಿ ವಿಕ್ಟೋರಿಯಾ ಎಂಬಾಕೆ, ಸಂಗೀತದಲ್ಲಿಯೂ ಕವಿತೆಯಲ್ಲಿಯೂ ಒಲವಿದ್ದವರು. ದಂಪತಿಗಳು 1879ರಲ್ಲಿ ಬೇರೆಯಾದರು. ತಾಯಿ ಮಗಳನ್ನು ಕರೆದುಕೊಂಡು ಕಾಶಿಗೆ ಹೋಗಿ, ಇಸ್ಲಾಂ ಮತವನ್ನು ಸ್ವೀಕರಿಸಿ, ಮಲಕಾ ಜಾನ್ ಎಂದು ಹೆಸರಾದರು. ಏಂಜೆಲಿನಾ ಗೌಹರ್ ಆದಳು. 1883ರಲ್ಲಿ ಅವರು ಕಲ್ಕತ್ತೆಗೆ ಬಂದು ನೆಲಸಿದರು. ಅಲ್ಲಿ ಗೌಹರ್ ಖ್ಯಾಲು, ಧ್ರುಪದ, ಠುಮ್ರಿ, ವಂಗದೇಶದ ಕೀರ್ತನೆ ಎಲ್ಲವನ್ನೂ ಬೇರೆ ಬೇರೆ ಗುರುಗಳಲ್ಲಿ ಕಲಿತರು. ನೃತ್ಯವನ್ನು ಲಖನೌ ಸಂಪ್ರದಾಯದ ಬಿಂದಾದೀನ ಮಹಾರಾಜರಿಂದ ಕಲಿತರು. 1887ರಲ್ಲಿ ದರ್ಭಾಂಗದ ಆಸ್ಥಾನದಲ್ಲಿ ಮೊದಲ ಕಚೇರಿ. ಆಗ ಆಕೆಗೆ ಹದಿನಾಲ್ಕು ವರ್ಷ. ಮುಂದಿನ ಹದಿನೈದು ವರ್ಷಗಳಲ್ಲಿ ಕಲ್ಕತ್ತೆಯ ಶ್ರೀಮಂತರ ಗೋಷ್ಠಿಗಳಲ್ಲಿ ಆಕೆಗೆ ಎಣೆಯಿಲ್ಲವೆಂಬಂತಾಯಿತು.

ಆಕೆ ಹುಟ್ಟಿದ ವರ್ಷದಲ್ಲಿಯೇ ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತನು ಹುಟ್ಟಿದನು. ಪಿಯಾನೋ ಬಾರಿಸುವುದು ಅವನ ಬಾಲ್ಯದ ವಿದ್ಯೆ. ತಟ್ಟೆಯಾಕಾರದ ಧ್ವನಿಮುದ್ರಿಕೆಯನ್ನು 1887ರಲ್ಲಿ ಕಂಡುಹಿಡಿದ ಎಮಿಲ್ ಬರ್ಲಿನರನ ಬಳಿ ಕೆಲಸಕ್ಕೆ ಸೇರಿ, 1898ರಲ್ಲಿ ಲಂಡನ್ನಿಗೆ ಬಂದು, ಗ್ರಾಮಫೋನ್ ಕಂಪೆನಿಯ ಮುದ್ರಣತಜ್ಞನಾದನು. 1902ನೆಯ ಏಪ್ರಿಲ್ ತಿಂಗಳಲ್ಲಿ ಮಿಲಾನಿನ ಒಂದು ಹೋಟೆಲಿನ ಕೊಠಡಿಯಲ್ಲಿ ಇಟಲಿಯ ಪ್ರಸಿದ್ಧ ಗಾಯಕ ಕರೂಸೋನಿಂದ ಹತ್ತು ಹಾಡುಗಳನ್ನು ನೂರು ಪೌಂಡುಗಳಿಗೆ ಹಾಡಿಸಿ ಮುದ್ರಿಸಿದವನು ಈತನೇ. ಅದೇ ವರ್ಷದ ಕೊನೆಯಲ್ಲಿ ಕಂಪೆನಿಯು ಅವನನ್ನು ಪೂರ್ವದೇಶಗಳಿಗೆ ಕಳುಹಿಸಿತು. ಉದ್ದೇಶ ಕಲಾಸೇವೆಯಲ್ಲ, ವ್ಯಾಪಾರ. ಯಂತ್ರವನ್ನು ಮಾರಬೇಕಾದರೆ ಅದರಲ್ಲಿ ಆ ದೇಶದವರ ಹಾಡು ಇರಬೇಕು. ಬಂಗಾಳದ ಗೃಹಸ್ಥನು ವಿಲಾಯಿತಿಯ ಬ್ಯಾಂಡನ್ನು ಎಷ್ಟು ದಿನ ಕೇಳಿಯಾನು? ವ್ಯಾಪಾರದ ಲೆಕ್ಕಾಚಾರದಿಂದ ಕಲೆಗೆ ಉಪಕಾರವಾಗುವುದು ಅಪರೂಪವೇನೂ ಅಲ್ಲ. ಆದರೆ ಉಪಕಾರ ಮಾಡಿದವನನ್ನು ರಸಿಕನೆಂದು ನಾವು ಕಲ್ಪಿಸಿಕೊಳ್ಳುವುದು ಬೇಡ. ಗೈಸ್‌ಬರ್ಗನಿಗೆ ನಮ್ಮ ರಾಗಗಳ ಗಂಧವಿರಲಿಲ್ಲ. ಯಾವ ಕಂಠವು ಮೇಣದ ಮೇಲೆ ಚೆನ್ನಾಗಿ ಮೂಡುತ್ತದೆ ಎಂಬುದನ್ನು ಮಾತ್ರ ಅವನು ಬಲ್ಲವನಾಗಿದ್ದನು. ಆ ವಿಷಯದಲ್ಲಿ ಅವನಿಗೆ ಸಮಾನರು ಆಗ ಜಗತ್ತಿನಲ್ಲಿಯೇ ವಿರಳ.

ಕಲ್ಕತ್ತೆಗೆ ಬಂದಮೇಲೆ ನಾಟಕಶಾಲೆಗಳನ್ನೂ ಧನಿಕರ ಮನೆಯ ಗೋಷ್ಠಿಗಳನ್ನೂ ಸುತ್ತಿ ಅವನು ಗಾಯಕರನ್ನು ಆರಿಸಿದನು. ಮುದ್ರಣಕಾರ್ಯವು 1902ನೆಯ ನವೆಂಬರಿನಲ್ಲಿ ಮೊದಲಾಯಿತು. ಮೊದಲು ಹಾಡಿದವರು ಕ್ಲಾಸಿಕ್ ಥಿಯೇಟರಿನ ಶಶಿಮುಖಿ, ಫಣಿಬಾಲಾ ಎಂಬ ಇಬ್ಬರು ಎಳೆಯ ನಟಿಯರು. ಅವರ ಕಂಠವು ಅವನಿಗೆ ಅಷ್ಟೇನೂ ಹಿಡಿಸಲಿಲ್ಲ. ಅವರ ಅನಂತರ, ಅದೇ ತಿಂಗಳಿನಲ್ಲಿಯೇ, ಗೌಹರ್ ಜಾನರು ಬಂದರು. ಆಗ ಅವರಿಗೆ ಇಪ್ಪತ್ತೊಂಬತ್ತು ವರ್ಷ, ಗೈಸ್‌ಬರ್ಗನಿಗೂ ಇಪ್ಪತ್ತೊಂಬತ್ತು. ಪರಿವಾರ ಸಮೇತವಾಗಿ, ಮೈತುಂಬ ಒಡವೆಯಿಟ್ಟು, ಆಕೆ ಬರುತ್ತಿದ್ದ ರೀತಿಯನ್ನೂ, ತೊಟ್ಟ ಆಭರಣವನ್ನು ಮತ್ತೊಮ್ಮೆ ತೊಡದೆ ಇದ್ದ ಬಿಂಕವನ್ನೂ ಅವನು ನಲವತ್ತು ವರ್ಷಗಳ ಮೇಲೆ ಬರೆದ ತನ್ನ ನೆನಪುಗಳ ಗ್ರಂಥದಲ್ಲಿ ಮರೆಯದೆ ಹೇಳಿದ್ದಾನೆ.

ಸ್ಟುಡಿಯೋ ಎಂದೊಡನೆ ಇಂದಿನವರ ಕಣ್ಣಿಗೆ ದಪ್ಪ ಬಾಗಿಲು, ಮೆತ್ತೆ ಹೊದಿಸಿದ ಗೋಡೆ, ಗಾಜಿನ ಆಚೆ ಕುಳಿತ ಯಂತ್ರಜ್ಞ ಇವೆಲ್ಲ ಕಟ್ಟುತ್ತವೆ. ಅಂದು ಇದ್ದದ್ದು ಸ್ಟುಡಿಯೋ ಆಗಿ ಮಾರ್ಪಡಿಸಿದ ಒಂದು ಕೊಠಡಿ. ಅಲ್ಲಿ ಮೈಕ್ರೋಫೋನು ಇರಲಿಲ್ಲ. ವಿದ್ಯುಚ್ಛಕ್ತಿಯ ಸಹಾಯವೂ ಇರಲಿಲ್ಲ. ಅದು ಧ್ವನಿಮುದ್ರಣಕ್ಕೆ ಬಂದುದು 1925ರಲ್ಲಿ. ಗೋಡೆಯ ಕಡೆಯಿಂದ ಒಂದು ದೊಡ್ಡ ಕಹಳೆಯು ಬಾಯಿ ತೆರೆದುಕೊಂಡು ಹೊರಚಾಚಿರುತ್ತಿತ್ತು. ಅದರ ಕಿರಿದಾದ ತುದಿಯಲ್ಲಿ ತೆಳ್ಳನೆಯ ಒಂದು ಪೊರೆ. ಪೊರೆಗೆ ಅಂಟಿದಂತೆ ಒಂದು ಸಣ್ಣ ಕೊರೆಯುವ ಮೊನೆ. ಮೊನೆಯ ಕೆಳಗೆ ಒಂದಂಗುಲಕ್ಕೂ ಹೆಚ್ಚು ದಪ್ಪವಿದ್ದು ಕನ್ನಡಿಯಂತೆ ನಯಮಾಡಿದ ಮೇಣದ ಬಿಲ್ಲೆ. ಬಿಲ್ಲೆಯನ್ನು ತಿರುಗಿಸುವುದಕ್ಕೆ, ಗೋಡೆ ಗಡಿಯಾರದಲ್ಲಿರುವಂತೆ, ನಿಧಾನವಾಗಿ ಕೆಳಕ್ಕೆ ಇಳಿಯುವ ತೂಕದ ಗುಂಡು. ಸ್ಪ್ರಿಂಗಿಗಿಂತ ತೂಕವು ಸಮವಾಗಿ ಎಳೆಯುತ್ತದೆ. ಆದುದರಿಂದ ಮುದ್ರಣಕ್ಕೆ ಅದನ್ನೇ ಉಪಯೋಗಿಸುತ್ತಿದ್ದರು.

ಹಾಡಿದಾಗ ಗಾಳಿಯಲ್ಲಿ ಏಳುವ ಅಲೆಗಳನ್ನು ಕಹಳೆಯು ಒಟ್ಟುಗೂಡಿಸಿ ಪೊರೆಯ ಮೇಲೆ ಕೆಡವುತ್ತದೆ. ಪೊರೆ ನಡುಗುತ್ತದೆ. ಮೊನೆಯು ಆ ನಡುಕವನ್ನು ಎಡಕ್ಕೂ ಬಲಕ್ಕೂ ಓಲಾಡುವ ಗೆರೆಯಾಗಿ ಮೇಣದಲ್ಲಿ ಕೊರೆಯುತ್ತದೆ. ಕೆಲಸ ನಡೆಯುವಷ್ಟು ಹೊತ್ತೂ ಕೂದಲಿನಂತಹ ಮೇಣದ ಎಳೆಯು ಸುರುಳಿಸುರುಳಿಯಾಗಿ ಏಳುತ್ತಿರುತ್ತದೆ. ಅದನ್ನು ಆಗಿಂದಾಗ್ಗೆ ನೀಗಿಸಬೇಕು. ಮೇಣವು ಗಡುಸಾಗಿದ್ದರೆ ಮೊನೆ ಕಚ್ಚುವುದಿಲ್ಲ. ಹೆಚ್ಚು ಮೆತ್ತಗಾದರೆ ಗೆರೆಯ ಅಂಚು ಕುಸಿಯುತ್ತದೆ. ಅದಕ್ಕಾಗಿ ಬಿಲ್ಲೆಯನ್ನು ಹದವಾಗಿ ಬೆಚ್ಚಗೆ ಮಾಡಿ ಇಟ್ಟಿರಬೇಕು. ಇಷ್ಟೇ ವಿಷಯ. ಗಾಯಕಿಯ ಉಸಿರಿನ ಬಲವಲ್ಲದೆ ಬೇರೆ ಯಾವ ಶಕ್ತಿಯೂ ಆ ಗೆರೆಯನ್ನು ಕೊರೆಯಲಿಲ್ಲ ಎಂಬುದನ್ನು ನೆನೆದರೆ, ಆ ಪ್ಲೇಟುಗಳ ಮೇಲೆ ಒಂದು ಬಗೆಯ ಗೌರವ ಹುಟ್ಟದೆ ಇರದು. ಇಂದು ಕೇಳುವ ಧ್ವನಿಯು ತಂತಿಯಲ್ಲಿ ಹರಿದು, ಹಿಗ್ಗಿ, ಕುಗ್ಗಿ, ತಿದ್ದಿಸಿಕೊಂಡು ಬಂದದ್ದು. ಅಂದಿನದು ಕಂಠದಿಂದ ನೇರವಾಗಿ ಮೇಣಕ್ಕೆ ಬಿದ್ದದ್ದು.

ಆದರೆ ಆ ಕಹಳೆಯು ಬಹಳ ಹಟದ ಶ್ರೋತೃ. ಮೆಲ್ಲನೆ ಹಾಡಿದರೆ ಅದಕ್ಕೆ ಕೇಳಿಸದು. ಗಟ್ಟಿಯಾಗಿ ಹಾಡಿದರೆ ಮೊನೆ ಹಾರಿ ಬಿಲ್ಲೆ ಕೆಡುತ್ತದೆ. ಆದುದರಿಂದ ಗಾಯಕಿಯು ಮುಖವನ್ನು ಕಹಳೆಯ ಬಾಯೊಳಕ್ಕೇ ಚಾಚಿಕೊಂಡು ಹಾಡಬೇಕು. ತಾರಸ್ಥಾಯಿಗೆ ಏರುವಾಗ ತಲೆಯನ್ನು ಹಿಂದಕ್ಕೆ ಎಳೆದುಕೊಳ್ಳಬೇಕು. ಮಂದ್ರಕ್ಕೆ ಇಳಿಯುವಾಗ ಮತ್ತೆ ಮುಂದಕ್ಕೆ ಬಾಗಬೇಕು. ಹೊಸಬರಾದರೆ ಯಂತ್ರಜ್ಞನೇ ಪಕ್ಕದಲ್ಲಿ ನಿಂತು, ಗಾಯಕನನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ಸರಿಸುವುದುಂಟು. ಜಮಖಾನದ ಮೇಲೆ ಕುಳಿತು, ಕೈಯಾಡಿಸಿ, ಎದುರಿನವರ ಮುಖವನ್ನು ನೋಡುತ್ತ, ಒಂದು ಬೋಲನ್ನು ಹತ್ತು ಬಗೆಯಲ್ಲಿ ಅಭಿನಯಿಸಿ ಹಾಡುವ ಠುಮ್ರಿಯ ಕಲಾವತಿಗೆ ಇದು ಎಂತಹ ಶಿಕ್ಷೆಯಾಗಿದ್ದೀತು ಎಂದು ಊಹಿಸಿಕೊಳ್ಳಬಹುದು. ಎದುರಿಗೆ ‘ವಾಹ್ ವಾಹ್’ ಎನ್ನುವ ರಸಿಕರಿಲ್ಲ. ಇರುವುದು ಒಂದು ತಗಡಿನ ಬಾಯಿ. ಕೆಮ್ಮುವಂತಿಲ್ಲ, ಬಳೆ ಸದ್ದಾಗುವಂತಿಲ್ಲ. ಒಂದು ಸ್ವರ ಜಾರಿದರೂ ಆ ಬಿಲ್ಲೆ ಹೋದಂತೆಯೇ. ಮಧ್ಯದಲ್ಲಿ ತಿದ್ದುವುದಾಗಲಿ, ತುಂಡು ಸೇರಿಸುವುದಾಗಲಿ ಆ ಕಾಲಕ್ಕೆ ಸಾಧ್ಯವಿರಲಿಲ್ಲ. ಹಾಡಿದ್ದನ್ನು ಕೂಡಲೆ ಹಾಕಿ ಕೇಳೋಣವೆಂದರೆ ಅದೂ ಆಗದು. ಮೆತ್ತನೆಯ ಮೇಣದ ಮೇಲೆ ಸೂಜಿ ಓಡಿದರೆ ಗೆರೆ ಅಳಿಸಿಹೋಗುತ್ತದೆ. ಪರೀಕ್ಷೆಗಾಗಿ ಒಂದು ಬಿಲ್ಲೆಯನ್ನು ಬಲಿಕೊಟ್ಟು, ಕಂಠದ ಹದವನ್ನು ತಿಳಿದುಕೊಂಡು, ಅನಂತರ ನಂಬಿಕೆಯ ಮೇಲೆ ಹಾಡಬೇಕು.

ವಾದ್ಯಗಳ ಪಾಡು ಇನ್ನೊಂದು. ತಂಬೂರಿಯ ಝೇಂಕಾರವು ಕಹಳೆಗೆ ನಿಲುಕುವಷ್ಟು ಬಲವುಳ್ಳದ್ದಲ್ಲ. ನಮ್ಮ ಸಂಗೀತದ ತಳಹದಿಯೇ ಆದ ಶ್ರುತಿಯು ಹೀಗೆ ಮೊದಲ ದಿನದಲ್ಲಿಯೇ ಪ್ಲೇಟಿನಿಂದ ಹೊರಬಿದ್ದಿತು. ಆ ಸ್ಥಾನಕ್ಕೆ ಹಾರ್ಮೋನಿಯಂ ಬಂದು ಕುಳಿತಿತು. ತಬಲವನ್ನು ಹೆಚ್ಚು ಹತ್ತಿರ ತಂದರೆ ಎಡಗೈಯ ಗುಮ್ಮು ಪೊರೆಯನ್ನು ಹೊಡೆದು ಗಾನವನ್ನು ಮುಚ್ಚುತ್ತದೆ. ದೂರ ಇಟ್ಟರೆ ತಾಳವೇ ಕೇಳದು. ಇವನ್ನೆಲ್ಲ ಗಜಕಡ್ಡಿಯಿಂದ ಅಳೆದು ಅಳೆದು ಇಡುವುದರಲ್ಲಿಯೇ ಅರ್ಧ ದಿನ ಕಳೆಯುತ್ತಿದ್ದಿರಬೇಕು. ಹಾರ್ಮೋನಿಯಮ್ಮಿನ ಮೇಲೆ ಸಂಗೀತವಿಮರ್ಶಕರು ಮುಂದೆ ಹೊರಿಸಿದ ಆಪಾದನೆಗಳು ಹಲವು. ಅದನ್ನು ಮನೆಮನೆಯ ಕಿವಿಗೆ ಹಚ್ಚಿದ ದೋಷದಲ್ಲಿ ಈ ತಗಡಿನ ಕಹಳೆಗೂ ಒಂದು ಪಾಲುಂಟೆಂಬುದು ನನ್ನ ಅಭಿಪ್ರಾಯ.

ಇನ್ನು ಕಾಲದ ವಿಷಯ. ಗೌಹರ್ ಜಾನರ ಸಮಸ್ಯೆಯ ತಿರುಳೇ ಇದು. ಆಗ ಎರಡು ಅಳತೆಯ ಪ್ಲೇಟುಗಳು ಚಾಲ್ತಿಯಲ್ಲಿದ್ದವು: ಏಳು ಅಂಗುಲದ್ದು, ಹತ್ತು ಅಂಗುಲದ್ದು. ಏಳು ಅಂಗುಲದ್ದರಲ್ಲಿ ಸುಮಾರು ಎರಡು ನಿಮಿಷ, ಹತ್ತು ಅಂಗುಲದ್ದರಲ್ಲಿ ಸುಮಾರು ಮೂರು ನಿಮಿಷ ಹಾಡು ಹಿಡಿಯುತ್ತಿತ್ತು. ಅದೂ ಒಂದೇ ಮಗ್ಗುಲಲ್ಲಿ. ಮತ್ತೊಂದು ಮಗ್ಗುಲಲ್ಲಿ ಗರಿಯ ಲೇಖನಿ ಹಿಡಿದು ತಟ್ಟೆಯ ಮೇಲೆ ಬರೆಯುತ್ತಿರುವ ದೇವದೂತನ ಚಿತ್ರ, ಕಂಪೆನಿಯ ಮುದ್ರೆ. ಒಂದು ಖ್ಯಾಲಿಗೆ ಒಂದು ಗಂಟೆ ಸಾಲದೆನ್ನುವ ಸಂಪ್ರದಾಯದಲ್ಲಿ ಬೆಳೆದವರು ಮೂರು ನಿಮಿಷಗಳಲ್ಲಿ ಏನು ಮಾಡಬೇಕು? ಒಬ್ಬ ಉಸ್ತಾದನಿಗೆ ತಂಬೂರಿಯನ್ನು ಹದಮಾಡುವುದಕ್ಕೆ ಅದಕ್ಕಿಂತ ಹೆಚ್ಚು ಹೊತ್ತು ಬೇಕು.

ಎರಡು ದಾರಿಗಳಿದ್ದವು. ದೊಡ್ಡ ಗಾನದಿಂದ ಯಾವುದೋ ಮೂರು ನಿಮಿಷವನ್ನು ಕತ್ತರಿಸಿ ಕೊಡುವುದು ಒಂದು. ಹಾಗೆ ಮಾಡಿದ ಕೆಲವು ಪ್ಲೇಟುಗಳು ಉಳಿದಿವೆ. ಗಾಯಕನು ಇನ್ನೇನು ರಾಗಕ್ಕೆ ಕಾಲಿಡುತ್ತಿರುವನು ಎನ್ನುವಷ್ಟರಲ್ಲಿ ಮೇಣ ಮುಗಿದುಹೋಗಿರುತ್ತದೆ. ಗೌಹರ್ ಜಾನರು ಹಿಡಿದದ್ದು ಎರಡನೆಯ ದಾರಿ. ಮೂರು ನಿಮಿಷಕ್ಕೆಂದೇ ಗಾನವನ್ನು ಹೊಸದಾಗಿ ಹವಣಿಸಿದರು. ಆಲಾಪವೆಂಬುದು ರಾಗದ ಮುಖವನ್ನು ತೋರಿಸುವ ಒಂದೆರಡು ಎಳೆ ಮಾತ್ರ. ಕೂಡಲೆ ಸ್ಥಾಯಿ, ವಿಳಂಬವಿಲ್ಲದ ಮಧ್ಯಲಯದಲ್ಲಿ. ಅದರಲ್ಲಿ ಎರಡು ಮೂರು ಆವರ್ತದ ಬೋಲಿನ ಬೆಡಗು. ಅಂತರಾದಲ್ಲಿ ತಾರಷಡ್ಜವನ್ನು ಒಮ್ಮೆ ಸ್ಪಷ್ಟವಾಗಿ ಮುಟ್ಟಿ ನಿಲ್ಲುವುದು. ಮಿಂಚಿನಂತಹ ಒಂದೆರಡು ತಾನುಗಳು. ಮತ್ತೆ ಮುಖಡಾ ಹಿಡಿದು ಮುಕ್ತಾಯ. ಒಂದು ಉಸಿರೂ ಹೆಚ್ಚಿಲ್ಲ. ಜೋಗಿಯಾ ರಾಗದಲ್ಲಿ ಅವರು ಹಾಡಿರುವ ಪ್ಲೇಟು ಬಹಳ ಪ್ರಸಿದ್ಧ. ಕರುಣರಸಕ್ಕೆ ಮೀಸಲಾದ ಆ ರಾಗವನ್ನು ಅಷ್ಟು ಸಣ್ಣ ಪಾತ್ರೆಯಲ್ಲಿ ತುಂಬುವಾಗ ಆಕೆ ಎಲ್ಲಿಯೂ ಅವಸರಪಟ್ಟಂತೆ ತೋರುವುದಿಲ್ಲ. ಗಡಿಯಾರ ಓಡುತ್ತಿದೆಯೆಂಬುದನ್ನು ಕೇಳುಗನಿಗೆ ತಿಳಿಯಗೊಡದಿರುವುದೇ ಇಲ್ಲಿನ ಸಾಮರ್ಥ್ಯ.

ಲಘುವಾದದ್ದು ಪ್ಲೇಟಿಗೆ ಸುಲಭ, ಘನವಾದದ್ದು ಕಷ್ಟ ಎಂಬುದು ಸಹಜವಾಗಿ ಎಲ್ಲರಿಗೂ ಹೊಳೆಯುವ ಮಾತು. ಗೌಹರ್ ಜಾನರೂ ದಾದ್ರಾ, ಠುಮ್ರಿ, ಕಜರಿ, ಗಜಲುಗಳನ್ನೇ ಹೆಚ್ಚಾಗಿ ಕೊಟ್ಟರು. ಆದರೆ ಖ್ಯಾಲನ್ನು ಬಿಡಲಿಲ್ಲ. ಅದು ವ್ಯಾಪಾರಿಗೆ ಬೇಕಾಗಿದ್ದುದಲ್ಲ, ಗಾಯಕಿಗೆ ಬೇಕಾಗಿದ್ದುದು ಎಂದು ನಾನು ತಿಳಿದಿದ್ದೇನೆ.

ಇನ್ನು ಆ ಇಂಗ್ಲಿಷ್ ಮಾತು. ಹಾಡಿ ಮುಗಿಸಿದ ಮೇಣದ ಬಿಲ್ಲೆಗಳಿಂದ ಪ್ಲೇಟು ಒತ್ತುವ ಕಾರ್ಖಾನೆಯು ಆಗ ನಮ್ಮ ದೇಶದಲ್ಲಿ ಇರಲಿಲ್ಲ. ಇದ್ದದ್ದು ಜರ್ಮನಿಯ ಹಾನೋವರ್ ನಗರದಲ್ಲಿ, ಬರ್ಲಿನರ್ ಸಹೋದರರದು. ಕಲ್ಕತ್ತೆಯಲ್ಲಿ ಸುಮಾರು ಆರು ವಾರಗಳಲ್ಲಿ ಐನೂರಕ್ಕೂ ಹೆಚ್ಚು ಬಿಲ್ಲೆಗಳು ತಯಾರಾದವು. ಅವೆಲ್ಲ ಹಡಗು ಹತ್ತಿ ಹಾನೋವರಿಗೆ ಹೋಗಬೇಕು. ಅಲ್ಲಿಯ ಕೆಲಸಗಾರನಿಗೆ ಹಿಂದೂಸ್ತಾನಿಯೂ ಬಂಗಾಳಿಯೂ ಒಂದೇ. ಗೌಹರ್ ಯಾರು, ಶಶಿಮುಖಿ ಯಾರು ಎಂಬುದೂ ಅವನಿಗೆ ತಿಳಿಯದು. ಯಾರ ಹಾಡಿಗೆ ಯಾರ ಹೆಸರಿನ ಚೀಟಿ ಅಂಟಿಸಬೇಕು? ಈ ಗೊಂದಲ ತಪ್ಪಲೆಂದು ಗಾಯಕರು ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳುವ ಪದ್ಧತಿ ಬಂದಿತು. ಇತರರೂ ಹೇಳಿದ್ದಾರೆ, ಅಲಹಾಬಾದಿನ ಜಾನಕೀಬಾಯಿಯವರ ಪ್ಲೇಟುಗಳಲ್ಲಿಯೂ ಹೆಸರು ಕೇಳಿಬರುತ್ತದೆ. ಆದರೆ ಗೌಹರ್ ಜಾನರು ಹೇಳಿದಂತೆ ಯಾರೂ ಹೇಳಲಿಲ್ಲ. ಕಾರ್ಖಾನೆಯ ಗುಮಾಸ್ತನಿಗೆ ಕೊಟ್ಟ ಸೂಚನೆಯನ್ನು ಆಕೆ ತನ್ನ ರುಜುವನ್ನಾಗಿ ಮಾಡಿಕೊಂಡರು. ದರ್ಬಾರಿನಲ್ಲಿ ಹಾಡುವ ಕಲಾವತಿಯ ಹೆಸರನ್ನು ಪರಿಚಾರಕನು ಕೂಗಿ ಹೇಳುತ್ತಿದ್ದ ಕಾಲದಲ್ಲಿ, ಇಲ್ಲಿ ಕಲಾವತಿಯೇ ತನ್ನ ಹೆಸರನ್ನು ಕೂಗಿ ಹೇಳಿದಳು. ಕಾಸು ಕೊಟ್ಟು ಪ್ಲೇಟು ಕೊಂಡ ಯಾವ ಮನೆಯೊಳಗಾದರೂ, ಯಾವ ಸಭ್ಯಗೃಹಸ್ಥನ ಪಡಸಾಲೆಯಲ್ಲಾದರೂ, ಆ ಹೆಸರು ಕೇಳಿಸಿಯೇ ತೀರಬೇಕು. ಆಕೆಯಂತಹವರನ್ನು ಬಾಗಿಲೊಳಕ್ಕೆ ಸೇರಿಸದ ಮನೆಗಳು ಆಗ ಎಷ್ಟಿದ್ದುವೆಂಬುದನ್ನು ಬಲ್ಲವರಿಗೆ ಇದರ ಸ್ವಾರಸ್ಯ ತಿಳಿಯುತ್ತದೆ.

ಹಾನೋವರಿನಲ್ಲಿ ನಡೆಯುತ್ತಿದ್ದ ಕೆಲಸವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೇಣದ ಮುಖಕ್ಕೆ ನುಣ್ಣನೆಯ ಗ್ರಾಫೈಟ್ ಪುಡಿಯನ್ನು ಬಳಿದು, ತಾಮ್ರದ ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿದರೆ ಗೆರೆಗಳ ಮೇಲೆ ತಾಮ್ರವು ಪದರವಾಗಿ ಕೂಡುತ್ತದೆ. ಅದನ್ನು ಬಿಡಿಸಿದರೆ ತಗ್ಗಿದ್ದ ಕಡೆ ಉಬ್ಬಾಗಿರುವ ಪಡಿಯಚ್ಚು ದೊರೆಯುತ್ತದೆ. ಆ ಅಚ್ಚಿನಿಂದ ಬಿಸಿಯಾದ ಮುದ್ದೆಯನ್ನು ಒತ್ತಿದರೆ ಪ್ಲೇಟು. ಆ ಮುದ್ದೆಯಲ್ಲಿ ಮುಖ್ಯ ಪದಾರ್ಥ ಅರಗು. ಕಲ್ಲಿನ ಪುಡಿ, ಕಾಡಿಗೆಯಂತಹ ಕಪ್ಪು, ಸ್ವಲ್ಪ ಹತ್ತಿಯ ನಾರು ಇವೂ ಸೇರುತ್ತವೆ. ಅರಗು ಎಲ್ಲಿಯದು? ಬಹುಮಟ್ಟಿಗೆ ನಮ್ಮ ದೇಶದ್ದೇ. ಛೋಟಾ ನಾಗಪುರದ ಕಾಡಿನ ಮರಗಳಲ್ಲಿ ಹುಳು ಕಟ್ಟಿದ ಅರಗನ್ನು ಬುಡಕಟ್ಟಿನವರು ಕೆರೆದು ತಂದು ಮಾರುತ್ತಿದ್ದರು. ಅದು ಕಲ್ಕತ್ತೆಯ ಬಂದರಿನಿಂದ ಹೊರದೇಶಕ್ಕೆ ಹೋಗುತ್ತಿತ್ತು. ಅದೇ ಬಂದರಿನಿಂದ ಗೌಹರ್ ಜಾನರ ಮೇಣದ ಬಿಲ್ಲೆಗಳೂ ಹೋದವು. 1903ರಲ್ಲಿ ಎರಡೂ ಒಂದಾಗಿ, ಕರಿಯ ಪ್ಲೇಟುಗಳಾಗಿ, ಕಲ್ಕತ್ತೆಗೆ ಹಿಂತಿರುಗಿ ಬಂದವು. ವ್ಯಾಪಾರವು ಬೆಳೆದಮೇಲೆ, 1908ರಲ್ಲಿ, ಕಲ್ಕತ್ತೆಯ ಸಿಯಾಲದಾದಲ್ಲಿಯೇ ಕಾರ್ಖಾನೆ ಎದ್ದಿತು. ಹಾನೋವರಿನ ಗುಮಾಸ್ತನಿಗೆ ಹೆಸರು ಹೇಳಬೇಕಾದ ಅಗತ್ಯವೂ ಅಂದಿಗೆ ಮುಗಿಯಿತು.

ದೊಡ್ಡ ಉಸ್ತಾದರು ಈ ಯಂತ್ರವನ್ನು ಹೇಗೆ ಕಂಡರು? ಬಹುಮಂದಿ ಮುಖ ತಿರುಗಿಸಿದರು. ಮನೆತನದ ವಿದ್ಯೆ ಬೀದಿಪಾಲಾಗುವುದೆಂಬ ಭಯ ಕೆಲವರಿಗೆ. ಮೂರು ನಿಮಿಷದಲ್ಲಿ ಹಾಡುವುದೇ ಅವಮಾನವೆಂಬ ಭಾವನೆ ಕೆಲವರಿಗೆ. ಕಂಠವೇ ಯಂತ್ರದ ಪಾಲಾಗಿ ಹೋದೀತೆಂಬ ಶಂಕೆಯೂ ಇತ್ತು. ಇವುಗಳಲ್ಲಿ ಎರಡನೆಯ ಕಾರಣವನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಆದರೆ ಫಲವೇನಾಯಿತೆಂಬುದನ್ನೂ ನೋಡಬೇಕು. ಅಲ್ಲಾದಿಯಾ ಖಾನರು 1946ರವರೆಗೆ ಬದುಕಿದ್ದರು. ಆ ಮಹಾಗಾಯಕರ ಒಂದು ಪ್ಲೇಟೂ ಮಾರುಕಟ್ಟೆಗೆ ಬರಲಿಲ್ಲ. ಧಾರವಾಡದಲ್ಲಿ ಕೆಲವು ಕಾಲ ಶಿಕ್ಷಕರಾಗಿದ್ದು ಕನ್ನಡನಾಡಿನಲ್ಲಿ ಹಿಂದೂಸ್ತಾನಿ ಸಂಗೀತದ ರುಚಿಯನ್ನು ಬಿತ್ತಿದ ಭಾಸ್ಕರಬುವಾ ಬಖಲೆಯವರು 1922ರಲ್ಲಿ ತೀರಿಕೊಂಡರು. ಅವರ ಧ್ವನಿಯೂ ನಮಗೆ ಉಳಿದಿಲ್ಲ. ಶಿಷ್ಯರ ಬಾಯಲ್ಲಿ ಅವರ ಗಾನದ ವರ್ಣನೆಯನ್ನು ಕೇಳಬೇಕಲ್ಲದೆ ಗಾನವನ್ನು ಕೇಳುವಂತಿಲ್ಲ.

ಗೌಹರ್ ಜಾನ್, ಜಾನಕೀಬಾಯಿ, ಆಗ್ರಾದ ಜೊಹರಾಬಾಯಿ, ಆಗ್ರಾದ ಮಲಕಾ ಜಾನ್ ಮೊದಲಾದ ಸ್ತ್ರೀಯರು ಅಂಜದೆ ಕಹಳೆಯ ಮುಂದೆ ನಿಂತರು. ಅವರಿಗೆ ಕಳೆದುಕೊಳ್ಳಲು ಮನೆತನದ ಬಿಂಕವಿರಲಿಲ್ಲ, ಗಳಿಸಿಕೊಳ್ಳಲು ಲೋಕವೇ ಇತ್ತು. ಯಂತ್ರದ ಸ್ವಭಾವವೂ ಅವರಿಗೆ ಅನುಕೂಲವಾಗಿತ್ತು. ಕಹಳೆಯು ಹಿಡಿಯುತ್ತಿದ್ದ ಧ್ವನಿಯ ವ್ಯಾಪ್ತಿ ಬಹಳ ಇಕ್ಕಟ್ಟು. ಸೆಕೆಂಡಿಗೆ ಸುಮಾರು ಇನ್ನೂರು ಕಂಪನಗಳಿಂದ ಎರಡು ಸಾವಿರದ ಚಿಲ್ಲರೆಯವರೆಗೆ. ಗಂಡಸಿನ ಮಂದ್ರವು ಅದರ ಕೆಳಗೆ ಜಾರಿಹೋಗುತ್ತದೆ. ಹೆಂಗಸಿನ ಕಂಠವು ಸರಿಯಾಗಿ ಅದರೊಳಗೆ ಕೂಡುತ್ತದೆ. ಮೇಲಿನ ಅಂಚಿನಲ್ಲಿಯೂ ನಷ್ಟವುಂಟು: ಸಕಾರ ಶಕಾರಗಳ ಸೀಟಿಯ ಅಂಶವು ಅಷ್ಟೂ ಅಳಿದುಹೋಗಿ ಸಾಹಿತ್ಯವು ಮಸುಕಾಗುತ್ತದೆ. ಅದಕ್ಕಾಗಿ ಗೌಹರ್ ಜಾನರು ಅಕ್ಷರಗಳನ್ನು ಬಿಡಿಸಿ ಬಿಡಿಸಿ, ಸ್ವಲ್ಪ ಒತ್ತಿಯೇ ಉಚ್ಚರಿಸುತ್ತಾರೆ. ಇದನ್ನು ಒರಟುತನವೆಂದು ಎಣಿಸುವವರು ಉಂಟು. ಕಿವುಡನೊಡನೆ ಮಾತನಾಡುವವನು ಗಟ್ಟಿಯಾಗಿ ಮಾತನಾಡಿದರೆ ಅದು ಅವನ ಸ್ವಭಾವವೆನ್ನಬಹುದೆ?

1902ರಿಂದ 1920ರವರೆಗೆ ಗೌಹರ್ ಜಾನರು ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಸುಮಾರು 600 ಹಾಡುಗಳನ್ನು ಮುದ್ರಿಸಿಕೊಟ್ಟರು. ಅವರ ಚಿತ್ರವು ಆಸ್ಟ್ರಿಯಾ ದೇಶದಲ್ಲಿ ತಯಾರಾದ ಬೆಂಕಿಪೆಟ್ಟಿಗೆಗಳ ಮೇಲೂ ಬಂದಿತು. 1911ರ ದೆಹಲಿ ದರ್ಬಾರಿನಲ್ಲಿ ಜಾನಕೀಬಾಯಿಯವರೊಡನೆ ಹಾಡಿದರು. ಪ್ಲೇಟಿನ ಪ್ರಭಾವವು ಎಲ್ಲಿಯವರೆಗೆ ಮುಟ್ಟಬಲ್ಲುದೆಂಬುದಕ್ಕೆ ನಮ್ಮ ನಾಡಿನದೇ ಆದ ಒಂದು ನಿದರ್ಶನವಿದೆ, ಅದು ಬೇರೊಬ್ಬ ಗಾಯಕರ ಪ್ಲೇಟಿನದು. ಗದಗಿನಲ್ಲಿ ಬಾಲಕರಾಗಿದ್ದ ಭೀಮಸೇನ ಜೋಶಿಯವರು ಅಂಗಡಿಯಲ್ಲಿ ಹಾಕುತ್ತಿದ್ದ ಅಬ್ದುಲ್ ಕರೀಂ ಖಾನರ ಪ್ಲೇಟನ್ನು ಕೇಳಿ, ಹಾಡಿದರೆ ಹೀಗೆ ಹಾಡಬೇಕೆಂದು ಮನೆ ಬಿಟ್ಟು ಗುರುವನ್ನು ಹುಡುಕುತ್ತ ಹೊರಟರು. ಮೂರು ನಿಮಿಷದ ಗಾನವು ಒಬ್ಬನ ಆಯುಸ್ಸನ್ನೇ ತಿರುಗಿಸಿತು. ಪ್ಲೇಟಿನಿಂದ ಸಂಗೀತ ಕೆಟ್ಟಿತು ಎನ್ನುವವರು ಇದನ್ನು ಜಮೆಯ ಕಡೆ ಬರೆದುಕೊಳ್ಳಬೇಕು.

ಖರ್ಚಿನ ಕಡೆಯೂ ಇದೆ. ಪ್ಲೇಟನ್ನು ಕೇಳಿ ಕೇಳಿ, ಹಾಡೆಂದರೆ ಮೂರು ನಿಮಿಷದಲ್ಲಿ ಮುಗಿಯತಕ್ಕದ್ದು, ತಾನೆಂದರೆ ಕೊನೆಯಲ್ಲಿ ಹಾರತಕ್ಕದ್ದು ಎಂಬ ಅಭ್ಯಾಸ ಜನಕ್ಕೆ ಹತ್ತಿತು. ಕಚೇರಿಗೆ ಬಂದವರು ಪ್ಲೇಟಿನಲ್ಲಿ ಇದ್ದ ಹಾಗೆಯೇ ಹಾಡೆಂದು ಕೇಳತೊಡಗಿದರು. ಕ್ಷಣಕ್ಷಣಕ್ಕೆ ಹೊಸದಾಗಿ ಹುಟ್ಟಬೇಕಾದ ಗಾನಕ್ಕೆ ಇದು ಸಣ್ಣ ಅಪಾಯವಲ್ಲ. ಗೌಹರ್ ಜಾನರು ಗೋಷ್ಠಿಯಲ್ಲಿ ಒಂದು ಠುಮ್ರಿಯನ್ನು ಗಂಟೆಗಟ್ಟಲೆ ಬೆಳೆಸಿ ಅಭಿನಯಿಸುತ್ತಿದ್ದಾಗ ಅದು ಹೇಗಿದ್ದಿತು ಎಂಬುದನ್ನು ಆ 600 ಮುದ್ರಿಕೆಗಳಲ್ಲಿ ಒಂದೂ ನಮಗೆ ಹೇಳಲಾರದು. ಆಕೆ ಯಂತ್ರಕ್ಕಾಗಿ ಕಟ್ಟಿದ ಕಿರುಗಾನ ಮಾತ್ರ ನಮ್ಮ ಪಾಲಿಗೆ ಬಂದಿದೆ.

ಕಡೆಯ ದಿನಗಳು ಸುಖದವಲ್ಲ. ವ್ಯಾಜ್ಯಗಳಲ್ಲಿಯೂ, ನಂಬಿದವರ ಕೈಯಲ್ಲಿಯೂ ಐಶ್ವರ್ಯವೆಲ್ಲ ಕರಗಿತು. ಕಲ್ಕತ್ತೆಯನ್ನು ಬಿಟ್ಟು ಊರೂರು ತಿರುಗಿದ ಮೇಲೆ, ನಾಲ್ವಡಿ ಕೃಷ್ಣರಾಜ ಒಡೆಯರವರು ಆಕೆಯನ್ನು 1928ನೆಯ ಆಗಸ್ಟ್ 1ರಿಂದ ಮೈಸೂರು ಆಸ್ಥಾನದ ವಿದುಷಿಯಾಗಿ ನೇಮಿಸಿಕೊಂಡರು. ಇಲ್ಲಿ ಆಕೆ ಇದ್ದುದು ಒಂದೂವರೆ ವರ್ಷ. 1930ನೆಯ ಜನವರಿ 17ರಂದು, ಐವತ್ತಾರನೆಯ ವಯಸ್ಸಿನಲ್ಲಿ, ಮೈಸೂರಿನಲ್ಲಿಯೇ ತೀರಿಕೊಂಡರು. ಆ ವೇಳೆಗೆ ಮೈಕ್ರೋಫೋನು ಬಂದು ಐದು ವರ್ಷವಾಗಿದ್ದಿತು. ತಂಬೂರಿಯ ನಾದವೂ ಸಕಾರ ಶಕಾರಗಳೂ ಪ್ಲೇಟಿನಲ್ಲಿ ಕೇಳುವ ಕಾಲ ಬಂದಿದ್ದಿತು. ಅದರ ಮುಂದೆ ಕುಳಿತು ಮೆಲುದನಿಯಲ್ಲಿ ಹಾಡುವ ಭಾಗ್ಯ ಮಾತ್ರ ಆಕೆಗೆ ಒದಗಲಿಲ್ಲ.

ಆ ಪ್ಲೇಟುಗಳನ್ನು ಹೊಸದಾಗಿ ಕೇಳುವವರಿಗೆ ಒಂದು ಸಲಹೆಯುಂಟು. ಈಗ ಸಂಗ್ರಹಕಾರರು ಅನೇಕವನ್ನು ಶೋಧಿಸಿ, ಸದ್ದನ್ನು ಕಳೆದು, ಎಲ್ಲರಿಗೂ ದೊರೆಯುವಂತೆ ಮಾಡಿದ್ದಾರೆ. ಆದರೆ ಆ ಮೊದಲ ವರ್ಷಗಳ ಪ್ಲೇಟುಗಳೆಲ್ಲವೂ ನಿಮಿಷಕ್ಕೆ ಸರಿಯಾಗಿ 78 ಸುತ್ತಿನ ವೇಗದಲ್ಲಿಯೇ ಮುದ್ರಿತವಾದವಲ್ಲ. ಆ ಎಣಿಕೆ ಸ್ಥಿರಪಟ್ಟದ್ದು ಅನಂತರ. 74 ಸುತ್ತಿನಲ್ಲಿ ಕೊರೆದದ್ದನ್ನು 78ರಲ್ಲಿ ಹಾಕಿದರೆ ಶ್ರುತಿಯು ಸುಮಾರು ಒಂದು ಸ್ವರಸ್ಥಾನದಷ್ಟು ಏರುತ್ತದೆ, ಲಯವೂ ಓಡುತ್ತದೆ, ಪ್ರೌಢವಾದ ಕಂಠವು ಹುಡುಗಿಯ ಕಂಠದಂತೆ ತೆಳ್ಳಗಾಗುತ್ತದೆ. ಗೌಹರ್ ಜಾನರ ಧ್ವನಿ ಕೀರಲು ಎಂದು ಮೂಗು ಮುರಿಯುವ ಮುನ್ನ ಯಂತ್ರದ ವೇಗವನ್ನು ಸ್ವಲ್ಪ ಸ್ವಲ್ಪವಾಗಿ ತಗ್ಗಿಸಿ ನೋಡಬೇಕು. ತಬಲದ ನಾದವು ತಬಲದಂತೆ ಕೇಳುವ, ಕೊನೆಯಲ್ಲಿ ಆಕೆ ಹೆಸರು ಹೇಳುವ ಮಾತು ಬಾಯಿಮಾತಿನಂತೆ ಕೇಳುವ ಒಂದು ಹದ ಸಿಕ್ಕುತ್ತದೆ. ಹಾಡಿಗಿಂತ ಆ ಮಾತೇ ಇದಕ್ಕೆ ಒಳ್ಳೆಯ ಅಳತೆ. ಯಾವ ಶ್ರುತಿಯಲ್ಲಿ ಹಾಡಿದರೆಂಬುದು ಗಾಯಕಿಯ ಇಷ್ಟ, ಆದರೆ ಮನುಷ್ಯರು ಮಾತನಾಡುವ ವೇಗ ನಮಗೆಲ್ಲ ಗೊತ್ತಿದೆ. ಅಲ್ಲಿ ನಿಲ್ಲಿಸಿಕೊಂಡು ಪ್ಲೇಟನ್ನು ಮೊದಲಿನಿಂದ ಹಾಕಿ ಕೇಳಬೇಕು.